'ಐದೇ ನಿಮಿಷದ ಕೆಲಸ' ಮತ್ತು ಕಿತ್ತಳೆ ಬಣ್ಣದ ಕಾರ್ಡ್

"ಐದೇ ನಿಮಿಷದ ಕೆಲಸ, ಸ್ವಲ್ಪ ನೋಡ್ತೀರಾ?"

ಸೇಲ್ಸ್ ತಂಡದಿಂದ ಹೀಗೆ ಮೆಸೇಜ್ ಬಂದರೆ ನಾನು ಯಾವತ್ತೂ ಇಲ್ಲ ಅಂದವನಲ್ಲ. ನಮ್ಮದು ಸ್ಕ್ರಮ್ ಪದ್ಧತಿಯಲ್ಲಿ ಕೆಲಸ ಮಾಡುವ ಸಾಫ್ಟ್‌ವೇರ್ ತಂಡ. ಇಂತಿಷ್ಟು ದಿನಕ್ಕೆ ಇಂತಿಷ್ಟು ಕೆಲಸ ಅಂತ ತೆಗೆದುಕೊಳ್ಳುತ್ತೇವೆ, ಆ ಅವಧಿಗೆ ಸ್ಪ್ರಿಂಟ್ ಅಂತ ಹೆಸರು. ಅವತ್ತು ಸ್ಪ್ರಿಂಟ್‌ನ 3ನೇ ದಿನ. ಒಂದು ರಿಪೋರ್ಟಿಗೆ ಹೊಸ ಕಾಲಂ ಸೇರಿಸಬೇಕಿತ್ತು, ಅಷ್ಟೆ. ಕೋಡ್ ಬರೆಯೋಕೆ ನಿಜಕ್ಕೂ ಐದೇ ನಿಮಿಷ ಸಾಕಾಯಿತು. ಆದರೆ ಆ ಡೇಟಾ ಬೇರೊಂದು ಟೇಬಲ್‌ನಲ್ಲಿತ್ತು. ಅದನ್ನು ಎಳೆದು ತಂದಿದ್ದಕ್ಕೆ ರಿಪೋರ್ಟ್ ನಿಧಾನವಾಯಿತು. ಡೇಟಾ ಬೇಗ ಸಿಗಲಿ ಅಂತ ಇಂಡೆಕ್ಸ್ ಹಾಕಿದೆ. ಎರಡು ಟೆಸ್ಟ್ ಫೇಲ್ ಆದವು. ಟೆಸ್ಟರ್ ತಮ್ಮ ಕೆಲಸ ಬಿಟ್ಟು ಇದರ ಹಿಂದೆ ಬಿದ್ದರು. ಕೊನೆಗೆ ಒಂದೂವರೆ ದಿನ ಹೋಯಿತು.

ಯಾರ ಯಾವ ಕೆಲಸ ಎಲ್ಲಿಗೆ ಬಂತು ಅಂತ ಕಾರ್ಡ್‌ಗಳಲ್ಲಿ ತೋರಿಸುವ ಬೋರ್ಡ್ ಮೇಲೆ ಮಾತ್ರ ಇದ್ಯಾವುದೂ ಇಲ್ಲ. ನನ್ನ ಹೆಸರಿನ ಕಾರ್ಡ್ ಇದ್ದಲ್ಲೇ ಕೂತಿತ್ತು. ದಿನಾ ನಡೆಯುವ ಪುಟ್ಟ ಸಭೆ, ಡೈಲಿ ಸ್ಕ್ರಮ್‌ನಲ್ಲಿ "ಅದೇ ನಡೀತಿದೆ" ಅಂದೆ. ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ಆ ಸ್ಪ್ರಿಂಟ್‌ನಲ್ಲಿ 9 ಕಾರ್ಡ್ ತೆಗೆದುಕೊಂಡು 5 ಮುಗಿಸಿದ್ದೆವು. ಸ್ಪ್ರಿಂಟ್ ಹೇಗಾಯಿತು ಅಂತ ಕೊನೆಗೆ ಕೂತು ಮಾತಾಡುವ ಸಭೆಗೆ ರೆಟ್ರೋ ಅನ್ನುತ್ತೇವೆ. ಸಮಯ ಎಲ್ಲಿ ಹೋಯಿತು ಅಂತ ಅಲ್ಲಿ ಪ್ರಾಡಕ್ಟ್ ಓನರ್, ಅಂದರೆ ಯಾವ ಕೆಲಸ ಮೊದಲು ಅಂತ ತೀರ್ಮಾನಿಸುವವರು, ಕೇಳಿದರು. ಯಾರ ಹತ್ತಿರವೂ ಉತ್ತರ ಇರಲಿಲ್ಲ. ಅದಕ್ಕೂ ಮುಂಚೆ ಹೀಗಾದಾಗಲೆಲ್ಲ ನಾವು ಎಸ್ಟಿಮೇಟ್ ಸರಿಯಿಲ್ಲ ಅಂದುಕೊಂಡು ಪ್ಲಾನಿಂಗ್ ಪೋಕರ್‌ಗೆ (ಕೆಲಸ ಎಷ್ಟು ದೊಡ್ಡದು ಅಂತ ಎಲ್ಲರೂ ಸೇರಿ ಅಂದಾಜು ಹಾಕುವುದಕ್ಕೆ) ಇನ್ನಷ್ಟು ಹೊತ್ತು ಕೂರುತ್ತಿದ್ದೆವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಈ ಸಲ ಒಂದೇ ಒಂದು ಬದಲಾವಣೆ ಮಾಡಿದೆವು. ಮಧ್ಯೆ ಬಂದ ಪ್ರತಿ ಕೆಲಸಕ್ಕೂ ಒಂದು ಕಿತ್ತಳೆ ಬಣ್ಣದ ಕಾರ್ಡ್. ಯಾರು ಕೇಳಿದರು, ಯಾವತ್ತು, ಎಷ್ಟು ಹೊತ್ತು ಹಿಡಿಯಿತು, ಇಷ್ಟು ಬರೆಯಬೇಕು. ಯಾರಿಗೂ ಇಲ್ಲ ಅನ್ನುವ ಹಾಗಿಲ್ಲ, ಸುಮ್ನೆ ಬರೆದಿಡುವುದು.

ಎರಡು ಸ್ಪ್ರಿಂಟ್ ಕಳೆಯುವ ಹೊತ್ತಿಗೆ ಬೋರ್ಡ್‌ನ ಒಂದು ಮೂಲೆ ಕಿತ್ತಳೆ ತೋಟ ಆಗಿತ್ತು. ತುರ್ತು ಅಂತ ಬಂದವುಗಳಲ್ಲಿ ನಿಜವಾಗಿ ತುರ್ತಾಗಿದ್ದವು ಬೆರಳೆಣಿಕೆ. ಕೆಲವು ನಾವೇ ಹಿಂದಿನ ಸ್ಪ್ರಿಂಟ್‌ನಲ್ಲಿ ಅವಸರದಲ್ಲಿ ಬಿಟ್ಟ ಬಗ್‌ಗಳು. ಅದಕ್ಕೆ ಬೇರೆಯವರನ್ನು ದೂರಿ ಏನು ಪ್ರಯೋಜನ? ಜಾಸ್ತಿ ಕಾರ್ಡ್ ಇದ್ದದ್ದು ನನ್ನ ಹೆಸರಲ್ಲೇ. ಕೇಳಿದರೆ ಮಾಡಿಕೊಡ್ತಾನೆ ಅಂತ ಎಲ್ಲರಿಗೂ ಗೊತ್ತಿತ್ತು. ನನಗೆ ಅದು ಒಳ್ಳೆಯತನ ಅನಿಸಿತ್ತು. ಆ ಒಳ್ಳೆಯತನದ ಬಿಲ್ ಟೆಸ್ಟರ್ ಕಟ್ಟುತ್ತಿದ್ದರು.

ಸ್ಪ್ರಿಂಟ್ ಶುರುವಾದ ಮೇಲೆ ಏನನ್ನೂ ಮುಟ್ಟಬಾರದು ಅಂತ ನಮ್ಮಲ್ಲಿ ಕೆಲವರ ವಾದ. ಸ್ಕ್ರಮ್‌ನ ನಿಯಮಗಳ ಕೈಪಿಡಿಯಾದ 2020ರ ಸ್ಕ್ರಮ್ ಗೈಡ್ ಹಾಗೆ ಹೇಳುವುದಿಲ್ಲ. ಸ್ಪ್ರಿಂಟ್ ಗೋಲ್‌ಗೆ, ಅಂದರೆ ಆ ಸ್ಪ್ರಿಂಟ್‌ನ ಗುರಿಗೆ, ಅಪಾಯ ತರುವ ಬದಲಾವಣೆ ಬೇಡ ಅನ್ನುತ್ತದೆ. ಸ್ಕೋಪ್ ಬಗ್ಗೆ, ಅಂದರೆ ಏನೇನು ಮಾಡಬೇಕು ಅನ್ನುವುದರ ಬಗ್ಗೆ, ಪ್ರಾಡಕ್ಟ್ ಓನರ್ ಜೊತೆ ಮತ್ತೆ ಮಾತಾಡಬಹುದು ಅಂತಲೂ ಅನ್ನುತ್ತದೆ. ಅಂದರೆ ಹೊಸ ಕೆಲಸವನ್ನು ಗೋಲ್ ಪಕ್ಕದಲ್ಲಿಟ್ಟು ಅಳೆಯಬೇಕು. ನಮ್ಮ ಗೋಲ್ ಏನಿತ್ತು ಗೊತ್ತಾ? 'ಈ 9 ಕಾರ್ಡ್ ಮುಗಿಸುವುದು'. ಅದು ಗೋಲ್ ಅಲ್ಲ, ಪಟ್ಟಿ. ಅಳೆಯೋಕೆ ಕೋಲೇ ಇಲ್ಲದಿದ್ದಾಗ ಬಂದದ್ದೆಲ್ಲ ಒಳಗೆ ಬರುತ್ತದೆ ಅಲ್ವಾ?

ಈಗ ಗೋಲ್ ಒಂದು ವಾಕ್ಯದಲ್ಲಿ ಬರೆಯುತ್ತೇವೆ. ಕೇಳಿಕೊಂಡು ಬಂದವರನ್ನು ಪ್ರಾಡಕ್ಟ್ ಓನರ್ ಹತ್ತಿರ ಕಳಿಸುತ್ತೇವೆ. ಅವರು ಮೊದಲು ಕೇಳುವುದು, ಮುಂದಿನ ಪ್ಲಾನಿಂಗ್ ತನಕ ಕಾಯಬಹುದಾ ಅಂತ. ನಮ್ಮದು ಎರಡು ವಾರದ ಸ್ಪ್ರಿಂಟ್, ಹಾಗಾಗಿ ಕಾಯುವುದು ದೊಡ್ಡ ಶಿಕ್ಷೆ ಅಲ್ಲ. ಕಾಯೋಕೆ ಆಗಲ್ಲ ಅಂದರೆ, ಅಷ್ಟೇ ಗಾತ್ರದ ಯಾವ ಕಾರ್ಡ್ ಹೊರಗೆ ಹೋಗಬೇಕು ಅನ್ನುವ ಮಾತು. ಕೇಳಿದವರ ಕಣ್ಣೆದುರೇ ಒಂದು ಕಾರ್ಡ್ ತೆಗೆದಿಟ್ಟರೆ ಎಷ್ಟೋ ತುರ್ತು ತಾನಾಗಿ ತಣ್ಣಗಾಗುತ್ತದೆ. ಸರ್ವರ್ ಬಿದ್ದರೆ ಮಾತ್ರ ಇದ್ಯಾವುದೂ ಇಲ್ಲ. ಮೊದಲು ಎಬ್ಬಿಸು, ಆಮೇಲೆ ಕಾರ್ಡ್ ಬರಿ.

ಹೀಗೆ ಮಧ್ಯೆ ಬರುವ ಕೆಲಸಕ್ಕೆ ಸ್ಪ್ರಿಂಟ್‌ನಲ್ಲಿ ಸ್ವಲ್ಪ ಜಾಗ ಮೊದಲೇ ಖಾಲಿ ಬಿಡುವ ಉಪಾಯ ಸ್ಕ್ರಮ್ ರೂಪಿಸಿದವರಲ್ಲಿ ಒಬ್ಬರಾದ ಜೆಫ್ ಸದರ್‌ಲ್ಯಾಂಡ್ ಹೇಳಿಕೊಡುವಂಥದ್ದು. ಎಷ್ಟು ಬಿಡಬೇಕು ಅನ್ನುವುದನ್ನು ಹಳೆಯ ಅನುಭವದಿಂದ ತೀರ್ಮಾನಿಸಬೇಕು. ನಮಗೆ ಆ ಲೆಕ್ಕ ಕಿತ್ತಳೆ ಕಾರ್ಡ್‌ಗಳೇ ಕೊಟ್ಟವು. ಬಿಟ್ಟ ಜಾಗ ತುಂಬಿ ಹರಿದರೆ ಸ್ಪ್ರಿಂಟನ್ನೇ ನಿಲ್ಲಿಸಿ ಹೊಸದಾಗಿ ಪ್ಲಾನ್ ಮಾಡಿ ಅಂತಲೂ ಅದರಲ್ಲಿದೆ. ಅಷ್ಟು ಧೈರ್ಯ ನಮಗಿನ್ನೂ ಬಂದಿಲ್ಲ. ಜಾಗ ಮಿಕ್ಕರೆ ಬ್ಯಾಕ್‌ಲಾಗ್‌ನಿಂದ, ಅಂದರೆ ಮುಂದೆ ಮಾಡಬೇಕಾದ ಕೆಲಸಗಳ ಪಟ್ಟಿಯಿಂದ, ಒಂದು ಕೆಲಸ ಎಳೆದುಕೊಳ್ಳುತ್ತೇವೆ. ಖಾಲಿ ಇದೆ ಅಂತ ಗೊತ್ತಾದರೆ ತುಂಬಿಸೋಕೆ ಜನ ಸಾಲು ನಿಲ್ತಾರೆ, ಅದಕ್ಕೇ ಹೊರಗಿನವರಿಗೆ ಇದನ್ನು ಡಂಗುರ ಸಾರುವುದಿಲ್ಲ.

ಹಳೆಯ ಚಟ ಪೂರ್ತಿ ಹೋಗಿಲ್ಲ. ಮೊನ್ನೆ ಯಾರಿಗೂ ಹೇಳದೆ ಒಂದು ಬಟನ್‌ನ ಹೆಸರು ಬದಲಿಸಿಕೊಟ್ಟೆ. ಮಧ್ಯಾಹ್ನ ನೋಡಿದರೆ ಬೋರ್ಡ್ ಮೇಲೆ ನನ್ನ ಹೆಸರಲ್ಲಿ ಒಂದು ಕಿತ್ತಳೆ ಕಾರ್ಡ್. ಅಕ್ಷರ ಟೆಸ್ಟರ್‌ದು. ಎಷ್ಟು ಹೊತ್ತು ಅನ್ನುವ ಜಾಗ ಖಾಲಿ ಬಿಟ್ಟಿದ್ದರು. 40 ನಿಮಿಷ ಅಂತ ನಾನೇ ಬರೆದೆ.