ಒಂದೇ ಒಂದು ಏಟು

ಹತ್ತು ವರ್ಷದ ಹಿಂದಿನ ಮಾತು. ಹಾಸನದ ಒಂದು ಕಲ್ಯಾಣ ಮಂಟಪದಲ್ಲಿ ರಿಸೆಪ್ಷನ್. ನಾನು ಆಗ ಆರ್ಕೆಸ್ಟ್ರಾದಲ್ಲಿ ರಿದಂ ಪ್ಯಾಡ್ ನುಡಿಸುತ್ತಿದ್ದೆ. ಕೀಬೋರ್ಡಿನಲ್ಲಿ ನಮ್ಮ ಯಜಮಾನರು. ತಂಡದಲ್ಲಿ ಎಲ್ಲರೂ ಅವರನ್ನು ಅಣ್ಣ ಅಂತಲೇ ಕರೆಯುತ್ತಿದ್ದೆವು. ಊಟದ ಹೊತ್ತಿಗೆ ಮದುಮಗನ ಗೆಳೆಯರಿಂದ ಒಂದು ಚೀಟಿ ಬಂತು. ವಿಟ್ನಿ ಹ್ಯೂಸ್ಟನ್ ಹಾಡಿದ 'ಐ ವಿಲ್ ಆಲ್ವೇಸ್ ಲವ್ ಯೂ' ಬೇಕಂತೆ. ನಮ್ಮ ಗಾಯಕಿ ಅದನ್ನು ಕಾಲೇಜಿನಲ್ಲಿ ಹಾಡಿ ಬಹುಮಾನ ತಗೊಂಡವಳು. ಖುಷಿಯಿಂದ ಒಪ್ಪಿಕೊಂಡಳು.

ಈ ಹಾಡು ಕೇಳಿದವರಿಗೆ ಗೊತ್ತು. ಮೊದಲ ಮುಕ್ಕಾಲು ನಿಮಿಷ ವಾದ್ಯವೇ ಇಲ್ಲ, ಬರೀ ಕಂಠ. ಆಮೇಲೆ ಮೆಲ್ಲಗೆ ವಾದ್ಯಗಳು ಸೇರುತ್ತವೆ, ನಡುವೆ ಸ್ಯಾಕ್ಸೋಫೋನ್ ಬರುತ್ತದೆ. ಮೂರನೇ ಚರಣ ಮುಗಿದ ಕೂಡಲೇ ಎಲ್ಲ ನಿಂತುಬಿಡುತ್ತದೆ. ಉಸಿರು ಬಿಗಿಹಿಡಿದು ಕೂತಿರುವಾಗ 'ಧಡ್' ಅಂತ ಒಂದೇ ಒಂದು ಡ್ರಮ್ ಏಟು. ಅಲ್ಲಿಂದ ಪಲ್ಲವಿ ಒಂದು ಸ್ವರ ಮೇಲೇರಿ ಶುರುವಾಗುತ್ತದೆ. ಆ ಏಟು ನನ್ನದು. ಅದೇ ಮೌನದಲ್ಲಿ ಅಣ್ಣ ಕೀಬೋರ್ಡಿನ ಶ್ರುತಿ ಏರಿಸುವ ಟ್ರಾನ್ಸ್‌ಪೋಸ್ ಬಟನ್ ಎರಡು ಸಲ ಒತ್ತಬೇಕು, ಒಂದೊಂದು ಸಲಕ್ಕೆ ಅರ್ಧರ್ಧ ಸ್ವರ.

ಗಾಯಕಿ ಮೂರನೇ ಚರಣ ಮುಗಿಸಿದಳು. ಇಡೀ ಮಂಟಪ ಗಪ್‌ಚುಪ್. ಅಷ್ಟರಲ್ಲಿ ಊಟದ ಹಾಲ್‌ನಲ್ಲಿ ಯಾರೋ ಒಂದು ರಾಶಿ ಸ್ಟೀಲ್ ಲೋಟ ಬೀಳಿಸಿದರು. ನಾನು ಬೆಚ್ಚಿಬಿದ್ದು ಹೊಡೆದೇಬಿಟ್ಟೆ. ಅಣ್ಣನ ಬೆರಳು ಬಟನ್ ಮೇಲೆ ಒಂದು ಸಲ ಮಾತ್ರ ಇಳಿದಿತ್ತು. ಗಾಯಕಿ ಸರಿಯಾದ ಜಾಗಕ್ಕೆ ಏರಿದಳು, ಕೀಬೋರ್ಡ್ ಅರ್ಧ ದಾರಿಯಲ್ಲಿ ನಿಂತಿತು. ಆ ಅಪಸ್ವರ ಈಗ ನೆನೆದರೂ ಹಲ್ಲು ಜುಮ್ ಅನ್ನುತ್ತದೆ. ಹಾಗಂತ ಜನ ಚಪ್ಪಾಳೆಯನ್ನೇನೂ ಕಮ್ಮಿ ಮಾಡಲಿಲ್ಲ ಬಿಡಿ.

ವಾಪಸ್ ಬರುವಾಗ ಅಣ್ಣ ಬೈಯಲಿಲ್ಲ. ಅದೇ ಜಾಸ್ತಿ ಕಷ್ಟವಾಯಿತು. ವ್ಯಾನಿನ ಹಿಂದಿನ ಸೀಟಲ್ಲಿ ಕೂತು, ಆ ಏಟನ್ನು ಮತ್ತೆ ಕೇಳೋಣ ಅಂತ ಮೊಬೈಲಿನಲ್ಲಿ ಹಾಡು ಹುಡುಕಿದೆ. ಬೇರೆ ಯಾವುದೋ ಸಿಕ್ಕಿತು. ಅದೇ ಹಾಡು, ಆದರೆ ಪಕ್ಕದಲ್ಲಿ ಕೂತು ಹೇಳಿದ ಹಾಗೆ ಒಂದು ತೆಳುವಾದ ದನಿ. ಏಟಿಲ್ಲ, ಏರಿಕೆಯಿಲ್ಲ. ಮೂರನೇ ಚರಣವನ್ನಂತೂ ಹಾಡುವುದೂ ಇಲ್ಲ, ಸುಮ್ನೆ ಮಾತಿನಲ್ಲಿ ಹೇಳಿಬಿಡುತ್ತಾಳೆ. ಡಾಲಿ ಪಾರ್ಟನ್, 1974. ಹಾಡು ಬರೆದವಳೇ ಅವಳು. ವಿಟ್ನಿಯದು 1992ರ ಸಿನಿಮಾಕ್ಕೆ ಹಾಡಿದ ಕವರ್, ಅಂದರೆ ಇನ್ನೊಬ್ಬರ ಹಾಡನ್ನು ಮತ್ತೆ ಹಾಡಿದ್ದು. ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

ಇನ್ನೂ ಒಂದು ಗೊತ್ತಿರಲಿಲ್ಲ. ಅದು ಮದುವೆಮನೆಯ ಹಾಡಲ್ಲ, ಬಿಟ್ಟು ಹೋಗುವ ಹಾಡು. ನಾನು ಇಲ್ಲೇ ಉಳಿದರೆ ನಿನಗೆ ಅಡ್ಡಿಯಾಗುತ್ತೇನೆ ಅಂತಲೇ ಶುರುವಾಗುತ್ತದೆ. ಡಾಲಿ ಅದನ್ನು ಬರೆದದ್ದು ಪ್ರಿಯಕರನಿಗೂ ಅಲ್ಲ. ಪೋರ್ಟರ್ ವ್ಯಾಗನರ್ ಅಂತ ಅಮೆರಿಕದ ನ್ಯಾಶ್‌ವಿಲ್‌ನ ದೊಡ್ಡ ಗಾಯಕ, 1967ರಿಂದ ಅವಳನ್ನು ತನ್ನ ಟೀವಿ ಕಾರ್ಯಕ್ರಮದಲ್ಲಿ ಹಾಡಿಸಿ ಬೆಳೆಸಿದವನು. ಹೊರಡುತ್ತೇನೆ ಅಂದರೆ ಅವನು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಕೊನೆಗೆ ಈ ಹಾಡು ಬರೆದು ಅವನೆದುರೇ ಹಾಡಿದಳು. ಅವನು ಅತ್ತುಬಿಟ್ಟನಂತೆ, ಹೋಗು ಅಂದನಂತೆ. ಆಮೇಲೆ ಕೋರ್ಟಿಗೂ ಎಳೆದ, ಆ ಕಥೆ ಬೇರೆ.

ನನಗೆ ವ್ಯಾನಿನಲ್ಲಿ ಬೆವರು ಬಂತು. ಜೇಬಿನಲ್ಲಿ ಬೆಂಗಳೂರಿನ ಕೆಲಸದ ಆರ್ಡರ್ ಇತ್ತು, ಬಂದು ಎಂಟು ದಿನ ಆಗಿತ್ತು. ಮುಂದಿನ ಸೀಟಲ್ಲಿ ಅಣ್ಣ ತೂಕಡಿಸುತ್ತಿದ್ದರು. ಪ್ಯಾಡ್ ಕಡ್ಡಿ ಹಿಡಿಯೋದನ್ನು ಕಲಿಸಿದವರೇ ಅವರು.

ಮನೆಗೆ ಬಂದು ರಾತ್ರಿಯೆಲ್ಲ ಇನ್ನಷ್ಟು ಕೇಳಿದೆ, ಓದಿದೆ. ಎಲ್ವಿಸ್ ಪ್ರೀಸ್ಲಿಗೂ ಇದನ್ನು ಹಾಡುವ ಆಸೆಯಿತ್ತು. ಹಾಡಿನ ಹಕ್ಕಿನಲ್ಲಿ ಅರ್ಧ ಕೊಡಬೇಕು ಅಂತ ಅವನ ಮ್ಯಾನೇಜರ್ ಕೇಳಿದಾಗ ಡಾಲಿ ಅಳುತ್ತಲೇ ಆಗಲ್ಲ ಅಂದಳು. ಲಿಂಡಾ ರಾನ್‌ಸ್ಟಾಟ್ ಅನ್ನೋ ಇನ್ನೊಬ್ಬ ಗಾಯಕಿ 1975ರಲ್ಲಿ ಹಾಡಿದಾಗ ಮೂರನೇ ಚರಣ ಬಿಟ್ಟಿದ್ದಳು. ವಿಟ್ನಿಯ ನಿರ್ಮಾಪಕ ಡೇವಿಡ್ ಫಾಸ್ಟರ್ ಕೈಯಲ್ಲಿದ್ದದ್ದು ಅದೇ ರೆಕಾರ್ಡು. ಇನ್ನೊಂದು ಚರಣ ಇದೆಯಲ್ಲ ಅಂತ ಡಾಲಿಯೇ ಫೋನಿನಲ್ಲಿ ಹೇಳಿದಳಂತೆ. ನಿನಗೆ ಒಳ್ಳೆಯದಾಗಲಿ ಅಂತ ಹರಸುವ ಚರಣ ಅದು. ಅದಿಲ್ಲದೆ ಆ ಮೌನಕ್ಕೆ, ಆ ಏಟಿಗೆ ಅಷ್ಟು ತೂಕ ಬರುತ್ತಿತ್ತಾ? ನನಗಂತೂ ಅನುಮಾನ. ವಿಟ್ನಿಯ ಗಂಟಲಿಗೆ ಕೈಮುಗಿಯುತ್ತೇನೆ, ಆದರೆ ಅವಳು ಹಾಡಿದರೆ ಕೇಳುವವರು ಸಾವಿರ ಜನ. ಡಾಲಿ ಹಾಡಿದರೆ ಎದುರಿಗೆ ಒಬ್ಬನೇ.

ಎರಡು ದಿನ ಬಿಟ್ಟು ಅಣ್ಣನ ಮನೆಗೆ ಹೋದೆ. ಹಜಾರದಲ್ಲಿ ಕೂತು ಹಳೇ ಟೂತ್‌ಬ್ರಷ್‌ನಲ್ಲಿ ಕೀಬೋರ್ಡಿನ ಸಂದಿಯ ಧೂಳು ತೆಗೆಯುತ್ತಿದ್ದರು. ಹಾಡು ಕಟ್ಟುವ ಯೋಗ್ಯತೆ ನನಗೆಲ್ಲಿ! "ಅಣ್ಣಾ, ಬೆಂಗಳೂರಲ್ಲಿ ಕೆಲಸ ಸಿಕ್ಕಿದೆ" ಅಂದೆ.

ಬ್ರಷ್ ನಿಲ್ಲಲಿಲ್ಲ. ಕಪ್ಪು ಕೀಗಳ ಸಾಲು ಪೂರ್ತಿ ಮುಗಿಸಿದರು.

"ಭಾನುವಾರ ಅರಸೀಕೆರೇಲಿ ಪ್ರೋಗ್ರಾಂ ಇದೆ. ಅದೊಂದು ಮುಗಿಸ್ಕೊಂಡು ಹೋಗ್ತೀಯಾ?"

"ಹೂಂ ಅಣ್ಣಾ" ಅಂದೆ.