ಮಗಳಿಗೆ ಆಸ್ಟಿಯೋಪತಿ ಓದಿಸಬಹುದಾ?

ಊರಿಗೆ ಬಂದಾಗಲೆಲ್ಲ ಯಾರಾದರೊಬ್ಬರು ಕೇಳುತ್ತಾರೆ. "ಮಗಳು ಆಸ್ಟಿಯೋಪತಿ ಓದ್ತೀನಿ ಅಂತ ಹಟ ಹಿಡಿದಿದ್ದಾಳೆ. ಅದು ಡಾಕ್ಟರ್ ಓದಾ, ಇಲ್ಲಾ ಉಳುಕು ತೆಗೆಯೋದಾ?" ಮೂಳೆ-ಕೀಲು-ಸ್ನಾಯುಗಳ ನೋವಿಗೆ ಮುಖ್ಯವಾಗಿ ಕೈಯಿಂದಲೇ ಚಿಕಿತ್ಸೆ ಕೊಡುವುದು ಆಸ್ಟಿಯೋಪತಿ. ನಾನು ಇಂಗ್ಲೆಂಡಿನಲ್ಲಿ ಇದೇ ಕೆಲಸ ಮಾಡುವವಳು. ಅದಕ್ಕೇ ಈ ಪ್ರಶ್ನೆ ನನ್ನ ಪಾಲಿಗೆ.

ನಾನು ತಿರುಗಿ ಕೇಳುವುದು ಇಷ್ಟೇ: ಕೆಲಸ ಮಾಡುವುದು ಯಾವ ದೇಶದಲ್ಲಿ?

ಅಮೆರಿಕದಲ್ಲಾದರೆ ಡಿ.ಓ. (ಅಲ್ಲಿನ ಆಸ್ಟಿಯೋಪತಿ ಡಿಗ್ರಿ) ಅಂದರೆ ಪೂರ್ತಿ ಡಾಕ್ಟರ್. ಡಿಗ್ರಿ ಮುಗಿಸಿ 4 ವರ್ಷ ಮೆಡಿಕಲ್, ಆಮೇಲೆ ರೆಸಿಡೆನ್ಸಿ. ಔಷಧ ಬರೆಯುತ್ತಾರೆ, ಆಪರೇಷನ್ ಮಾಡುತ್ತಾರೆ. ಇಂಗ್ಲೆಂಡಿನಲ್ಲಿ ನಾವು ಹಾಗಲ್ಲ. ಓದು 4-5 ವರ್ಷ, ಕೆಲಸ ಮುಖ್ಯವಾಗಿ ಕೈಯಲ್ಲಿ, ಮೂಳೆ-ಕೀಲು-ಸ್ನಾಯುಗಳ ಮೇಲೆ. ಆದರೆ 1993ರ ಕಾಯ್ದೆ ಬಿಗಿಯಾಗಿದೆ. ಜನರಲ್ ಆಸ್ಟಿಯೋಪತಿಕ್ ಕೌನ್ಸಿಲ್‌ನಲ್ಲಿ ಹೆಸರಿಲ್ಲದೆ ಆಸ್ಟಿಯೋಪಾತ್ ಅಂತ ಬೋರ್ಡ್ ಹಾಕಿದರೆ ಅಪರಾಧ. ಭಾರತದಲ್ಲಿ ಒಡಿಶಾದ ಶ್ರೀ ಶ್ರೀ ವಿಶ್ವವಿದ್ಯಾಲಯದಂಥ ಕಡೆ ಕೋರ್ಸ್ ಇದೆ. ಎಂಬಿಬಿಎಸ್‌ಗೆ ಇರುವಂಥ ಪ್ರತ್ಯೇಕ ಮಂಡಳಿ ಮಾತ್ರ ಇಲ್ಲ.

ಉಳುಕು ತೆಗೆಯುವವರ ಮಾತಿಗೆ ನನಗೇನೂ ಬೇಜಾರಿಲ್ಲ. ಇದನ್ನು ಶುರು ಮಾಡಿದ ಆಂಡ್ರ್ಯೂ ಟೇಲರ್ ಸ್ಟಿಲ್ ಕೂಡ ಮೂಳೆ ಕೂರಿಸುವವನೆಂದೇ ಜಾಹೀರಾತು ಹಾಕಿಕೊಂಡಿದ್ದವನು! 1864ರಲ್ಲಿ ಮೆದುಳು ಜ್ವರಕ್ಕೆ ಮೂರು ಮಕ್ಕಳನ್ನು ಕಳೆದುಕೊಂಡ. ಅಂದಿನ ಔಷಧಗಳೋ, ಪಾದರಸದಂಥ ವಿಷಗಳು. ಅವುಗಳ ಮೇಲೆ ಅವನಿಗೆ ನಂಬಿಕೆ ಹೋಯಿತು. 1874ರಲ್ಲಿ ತನ್ನ ಹೊಸ ದಾರಿ ಸಾರಿದ. 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಶಾಲೆ ತೆರೆದ. ಮೊದಲ ತರಗತಿಯಲ್ಲೇ ಹೆಣ್ಣುಮಕ್ಕಳೂ ಇದ್ದರು.

"ಇಡೀ ದೇಹ ನೋಡ್ತೀವಿ" ಅನ್ನುವ ಆಸ್ಟಿಯೋಪಾತ್‌ಗಳ ಮಾತು ಕೇಳಿಯೇ ಹುಡುಗರು ಜಾಸ್ತಿ ಮನಸೋಲುವುದು. ಕೆಲಸದಲ್ಲಿ ಅದರ ಅರ್ಥ ಬಹಳ ಸಾದಾ. ಕುತ್ತಿಗೆ ನೋವು ಅಂತ ಬಂದವರ ಕುತ್ತಿಗೆಯನ್ನಷ್ಟೇ ಒತ್ತಿ ಕಳಿಸುವುದಿಲ್ಲ. ಭುಜ ಎಷ್ಟು ಏಳುತ್ತದೆ, ಉಸಿರಾಡುವಾಗ ಪಕ್ಕೆಲುಬು ಹೇಗೆ ಆಡುತ್ತದೆ, ನಿದ್ದೆ ಹೇಗಿದೆ, ದಿನವಿಡೀ ಎಲ್ಲಿ ಕೂರುತ್ತಾರೆ ಎಂದೆಲ್ಲ ಕೇಳಬೇಕು, ನೋಡಬೇಕು. ಬಲ ಭುಜದ ನೋವು ಪಿತ್ತಕೋಶದಿಂದಲೂ ಬರಬಹುದು, ಎಡಗೈ ನೋವು ಹೃದಯದಿಂದಲೂ ಬರಬಹುದು. ಸೊಂಟನೋವಿನ ಜೊತೆ ತೊಡೆಸಂದಿ ಮರಗಟ್ಟಿ, ಮೂತ್ರ ಕಟ್ಟಿದೆ ಅಂದರೆ ನಾವು ಮುಟ್ಟುವ ಹಾಗೇ ಇಲ್ಲ, ತಕ್ಷಣ ಆಸ್ಪತ್ರೆಗೆ ಕಳಿಸಬೇಕು. ಯಾರಿಗೆ ಕೈ ಹಚ್ಚಬಾರದು ಅಂತ ಕಲಿಯುವುದೇ ಈ ಓದಿನ ಕಷ್ಟದ ಭಾಗ, ನನ್ನ ಪ್ರಕಾರ.

ಹಾಗಂತ ಇಡೀ ದೇಹದ ಹೆಸರಲ್ಲಿ ಹೇಳುವುದನ್ನೆಲ್ಲ ನಾನು ಒಪ್ಪುವುದಿಲ್ಲ. ತಲೆಬುರುಡೆಯನ್ನು ಹಗುರವಾಗಿ ಹಿಡಿದು ಆಸ್ತಮಾ ವಾಸಿ ಮಾಡ್ತೀವಿ ಅನ್ನುವವರೂ ಇದ್ದಾರೆ. ಅದಕ್ಕೆ ಗಟ್ಟಿ ಆಧಾರವಿಲ್ಲ. ಸೊಂಟನೋವಿಗೆ ಕೈಚಿಕಿತ್ಸೆಯಿಂದ ಉಪಯೋಗವಿದೆ. ಅದನ್ನೂ ವ್ಯಾಯಾಮದ ಜೊತೆಗೇ ಕೊಡಿ ಎನ್ನುತ್ತದೆ ಇಂಗ್ಲೆಂಡಿನಲ್ಲಿ ಚಿಕಿತ್ಸೆಯ ನಿಯಮ ಸೂಚಿಸುವ ನೈಸ್ ಸಂಸ್ಥೆಯ ಮಾರ್ಗಸೂಚಿ.

ಇನ್ನು ದುಡ್ಡು. ಇಂಗ್ಲೆಂಡಿನಲ್ಲಿ ನಮ್ಮಲ್ಲಿ ಹೆಚ್ಚಿನವರದು ಸ್ವಂತ ಪ್ರಾಕ್ಟೀಸ್, ಸರ್ಕಾರಿ ಆಸ್ಪತ್ರೆ ಕೆಲಸ ಕಡಿಮೆ. ಮೊದಲ ವರ್ಷಗಳಲ್ಲಿ ಪೇಷಂಟುಗಳು ಕೂಡಿಬರುವವರೆಗೆ ಕೈ ಬಿಗಿ. ಹೆಬ್ಬೆರಳು, ಮಣಿಕಟ್ಟು ನೋವು ಬೇರೆ, ಸುಮ್ನೆ ಹೇಳ್ತಿಲ್ಲ.

ಆದ್ದರಿಂದ ಓದಿ ಮುಗಿಸಿ ಮೈಸೂರಲ್ಲೋ ಹುಬ್ಬಳ್ಳಿಯಲ್ಲೋ ಕ್ಲಿನಿಕ್ ತೆರೆಯಬೇಕು ಅನ್ನುವ ಹುಡುಗಿಗೆ ನಾನು ಹೇಳುವುದು: ಮೊದಲು ಬಿಪಿಟಿ ಮಾಡಮ್ಮ. ಈ ಫಿಸಿಯೋಥೆರಪಿ ಡಿಗ್ರಿಗೆ ಭಾರತದಲ್ಲಿ ಮನ್ನಣೆ ಇದೆ, ಕೆಲಸವೂ ಸಿಗುತ್ತದೆ. ಆಮೇಲೂ ಆಸೆ ಉಳಿದಿದ್ದರೆ ಆಸ್ಟಿಯೋಪತಿಗೆ ಬಾ. ಹೊರದೇಶದಲ್ಲೇ ಇರುತ್ತೇನೆ ಅನ್ನುವವಳಾದರೆ ಅಲ್ಲಿನ ಕೌನ್ಸಿಲ್ ಒಪ್ಪಿದ ಕಾಲೇಜುಗಳ ಪಟ್ಟಿ ನೋಡಿಕೊಂಡು ನೇರ ಸೇರಿಕೊಳ್ಳಲಿ.