ಬ್ರಿಟಿಷ್ ಗೂಡ್ಸ್ ವ್ಯಾಗನ್ ನೋಡಿ ಅಳೆದು ಬರಲು ಒಂಬತ್ತು ದಿನ: ಮಾಡೆಲ್ ರೈಲು ಕಟ್ಟುವವರಿಗೆ

ವಿಮಾನದ ಟಿಕೆಟ್ ತೆಗೆಸುವ ಮುಂಚೆಯೇ ಒಂದು ಕಾಗದದ ಮೇಲೆ ಎರಡು ವಿಷಯ ಬರೆದುಕೊಳ್ಳಿ: ಯಾವ ವರ್ಷ, ಯಾವ ಸೀಮೆಯ ರೈಲು. ಇವೆರಡು ಗಟ್ಟಿಯಾಗದೆ ಹೋದವರು ಮ್ಯೂಸಿಯಂ ಸುತ್ತಿ ಸಾವಿರ ಫೋಟೋ ತೆಗೆದು ಬರುತ್ತಾರೆ. ಮನೆಗೆ ಬಂದು ಮಾಡೆಲ್ ಕಟ್ಟಲು ಕೂತಾಗ ಅವುಗಳಲ್ಲಿ ಹತ್ತೂ ಕೆಲಸಕ್ಕೆ ಬರುವುದಿಲ್ಲ.

ವರ್ಷ ಯಾಕೆ ಅಷ್ಟು ಮುಖ್ಯ ಅಂದರೆ, 1923ರ ಜನವರಿ 1ರಂದು ನೂರಕ್ಕೂ ಹೆಚ್ಚು ರೈಲ್ವೆ ಕಂಪನಿಗಳು ಸೇರಿ ನಾಲ್ಕಾದವು: ಎಲ್‌ಎಂಎಸ್ (ಲಂಡನ್, ಮಿಡ್‌ಲ್ಯಾಂಡ್ ಅಂಡ್ ಸ್ಕಾಟಿಷ್), ಎಲ್‌ಎನ್‌ಇಆರ್ (ಲಂಡನ್ ಅಂಡ್ ನಾರ್ತ್ ಈಸ್ಟರ್ನ್), ಗ್ರೇಟ್ ವೆಸ್ಟರ್ನ್, ಸದರ್ನ್. 1936-37ರ ಹೊತ್ತಿಗೆ ವ್ಯಾಗನ್ ಮೇಲಿನ ದೊಡ್ಡ ಅಕ್ಷರಗಳು ಚಿಕ್ಕವಾದವು. 1939ರಲ್ಲಿ ಯುದ್ಧ ಶುರುವಾದಾಗ ಗಣಿ ಮತ್ತು ಕಲ್ಲಿದ್ದಲು ವ್ಯಾಪಾರಿಗಳ ಖಾಸಗಿ ವ್ಯಾಗನ್‌ಗಳನ್ನು ಸರ್ಕಾರ ವಶಕ್ಕೆ ತೆಗೆದುಕೊಂಡಿತು. 1948ರ ಜನವರಿ 1ಕ್ಕೆ ಎಲ್ಲವೂ ಬ್ರಿಟಿಷ್ ರೈಲ್ವೇಸ್ ಆಯಿತು. ನಿಮ್ಮ ಮಾಡೆಲ್‌ನ ವರ್ಷ ಇವುಗಳ ಯಾವ ಕಡೆ ಬೀಳುತ್ತದೆ ಎಂಬುದರ ಮೇಲೆ ನೋಡಬೇಕಾದ ಕಡತ, ಫೋಟೋ, ವ್ಯಾಗನ್ ಎಲ್ಲವೂ ಬದಲಾಗುತ್ತವೆ. ಇಲ್ಲಿ ಹೇಳುವ ಕ್ರಮ 1938ರ ಗ್ರೇಟ್ ವೆಸ್ಟರ್ನ್ ಕಡೆಯ ಒಂದು ಸಣ್ಣ ಊರಿನ ಗೂಡ್ಸ್ ಯಾರ್ಡ್‌ಗೆ, ಓಓ ಅಳತೆಯಲ್ಲಿ, ಅಂದರೆ ಒಂದು ಅಡಿಗೆ 4 ಮಿ.ಮೀ. ಲೆಕ್ಕದಲ್ಲಿ ಮಾಡಿಕೊಂಡದ್ದು.

ದಿನಗಳ ಹಂಚಿಕೆ ಹೀಗೆ: ಲಂಡನ್ನಿನ ಕ್ಯೂ (Kew) ಎಂಬ ಬಡಾವಣೆಯಲ್ಲಿ ಎರಡು ದಿನ, ಡಿಡ್ಕಾಟ್ ಒಂದು, ಗ್ಲಾಸ್ಟರ್ ಒಂದು, ಡರ್ಬಿ ಕಡೆಯ ಬಟರ್ಲಿ ಒಂದು, ಯಾರ್ಕ್ ಎರಡು, ಶಿಲ್ಡನ್ ಒಂದು, ಕೈಯಲ್ಲಿ ಇಟ್ಟುಕೊಳ್ಳಲು ಒಂದು. ಈ ಕ್ರಮದಲ್ಲಿ ಹೋದರೆ ಹಿಂದೆ ಮುಂದೆ ಓಡಾಟವಿಲ್ಲ, ದಕ್ಷಿಣದಿಂದ ಉತ್ತರಕ್ಕೆ ಒಂದೇ ಸಮ ಸಾಗುತ್ತದೆ. ಇಬ್ಬರಿದ್ದರೆ ಟೂ ಟುಗೆದರ್ ರೈಲ್‌ಕಾರ್ಡ್ ಎಂಬ ರಿಯಾಯಿತಿ ಕಾರ್ಡ್ ತೆಗೆದುಕೊಳ್ಳಿ, ದರದಲ್ಲಿ ಮೂರನೇ ಒಂದು ಭಾಗ ಉಳಿಯುತ್ತದೆ. ಆದರೆ ವಾರದ ದಿನಗಳಲ್ಲಿ ಬೆಳಗ್ಗೆ 9.30ಕ್ಕೆ ಮುಂಚೆ ಅದು ನಡೆಯುವುದಿಲ್ಲ. ಆ ಹೊತ್ತಿನ ಗಾಡಿಯೇ ಬೇಕಿದ್ದರೆ ಮುಂಗಡ ಟಿಕೆಟ್ ಅಗ್ಗ.

ಕ್ಯೂನಲ್ಲಿ ಇರುವುದು ನ್ಯಾಷನಲ್ ಆರ್ಕೈವ್ಸ್. ಡಿಸ್ಟ್ರಿಕ್ಟ್ ಲೈನ್‌ನ ಕ್ಯೂ ಗಾರ್ಡನ್ಸ್ ಸ್ಟೇಷನ್‌ನಲ್ಲಿ ಇಳಿದರೆ ನಡೆದೇ ಹೋಗಬಹುದು. ಭಾನುವಾರ ಸೋಮವಾರ ಬಾಗಿಲು ಹಾಕಿರುತ್ತದೆ. ಶನಿವಾರ ಲಂಡನ್ ಮುಟ್ಟುವ ಹಾಗೆ ಟಿಕೆಟ್ ಮಾಡಿಕೊಂಡರೆ ಎರಡು ದಿನ ಕೈ ಕಟ್ಟಿ ಕೂರಬೇಕು. ಮೂಲ ಕಡತ ನೋಡಲು ರೀಡರ್ಸ್ ಟಿಕೆಟ್ ಬೇಕು. ಅದು ಉಚಿತ, ಆದರೆ ಹೆಸರಿಗೊಂದು, ವಿಳಾಸಕ್ಕೊಂದು ದಾಖಲೆ ಕೇಳುತ್ತಾರೆ. ಪಾಸ್‌ಪೋರ್ಟ್ ಒಂದೇ ಸಾಲದು. ಊರಿನ ವಿಳಾಸಕ್ಕೆ ಯಾವ ದಾಖಲೆ ನಡೆಯುತ್ತದೆ ಎಂದು ಹೊರಡುವ ಮುಂಚೆಯೇ ಅವರ ಪಟ್ಟಿ ನೋಡಿ ಮೂಲಪ್ರತಿಯನ್ನೇ ಇಟ್ಟುಕೊಳ್ಳಿ. ಒಳಗೆ ಪೆನ್ನು ಬಿಡುವುದಿಲ್ಲ, ಪೆನ್ಸಿಲ್ ಮಾತ್ರ. ನಿಮ್ಮದೇ ಫೋನಿನಲ್ಲಿ ಕಡತದ ಫೋಟೋ ತೆಗೆಯಬಹುದು. 1948ಕ್ಕಿಂತ ಹಿಂದಿನ ಕಂಪನಿಗಳ ಕಾಗದಪತ್ರ 'ರೈಲ್' ಎಂಬ ಸರಣಿಯಲ್ಲೂ, ರಾಷ್ಟ್ರೀಕರಣದ ನಂತರದ್ದು 'ಎಎನ್' ಸರಣಿಯಲ್ಲೂ ಸಿಗುತ್ತದೆ. ಬೇಕಾದ ಸಂಖ್ಯೆಗಳನ್ನು ಮನೆಯಲ್ಲೇ ಕೂತು ಕ್ಯಾಟಲಾಗ್‌ನಲ್ಲಿ ಹುಡುಕಿ ಮುಂಗಡ ಆರ್ಡರ್ ಮಾಡಿ. ಅಲ್ಲಿಗೆ ಹೋಗಿ ಹುಡುಕಲು ಶುರು ಮಾಡಿದರೆ ಅರ್ಧ ದಿನ ಹೋಯಿತೆಂದೇ ಲೆಕ್ಕ.

ಕಡತದಲ್ಲಿ ಹಿಡಿಯಬೇಕಾದ ಎರಡು ಪದ ಡಯಾಗ್ರಂ ಮತ್ತು ಲಾಟ್. ಡಯಾಗ್ರಂ ಎಂದರೆ ವಿನ್ಯಾಸದ ಸಂಖ್ಯೆ, ಲಾಟ್ ಎಂದರೆ ಒಂದು ಸಲಕ್ಕೆ ಕಟ್ಟಲು ಕೊಟ್ಟ ಆರ್ಡರು. ಒಂದೇ ಡಯಾಗ್ರಂನಲ್ಲಿ ಹಲವು ಲಾಟ್ ಇರುತ್ತವೆ, ಲಾಟ್‌ನಿಂದ ಲಾಟ್‌ಗೆ ಬ್ರೇಕು, ತುದಿಯಲ್ಲಿ ಡಿಕ್ಕಿ ತಡೆಯುವ ಬಫರು ಬದಲಾಗುತ್ತವೆ. ಗ್ರೇಟ್ ವೆಸ್ಟರ್ನ್‌ನಲ್ಲಿ 'ಓ' ಎಂದರೆ ತೆರೆದ ವ್ಯಾಗನ್, 'ವಿ' ಎಂದರೆ ಮುಚ್ಚಿದ್ದು, 'ಎಎ' ಎಂದರೆ ಬ್ರೇಕ್ ವ್ಯಾನ್, ಅಂದರೆ ಗಾಡಿಯ ಕೊನೆಯಲ್ಲಿ ಗಾರ್ಡ್ ಕೂರುವ ವ್ಯಾನ್. ತಂತಿ ಕಳಿಸಲು ಇಟ್ಟುಕೊಂಡಿದ್ದ ಹೆಸರುಗಳೂ ಬೇರೆ ಇವೆ: ಮುಚ್ಚಿದ ವ್ಯಾಗನ್‌ಗೆ ಮಿಂಕ್, ಮಾಂಸದ ವ್ಯಾನ್‌ಗೆ ಮೈಕಾ, ಬ್ರೇಕ್ ವ್ಯಾನ್‌ಗೆ ಟೋಡ್. ಎರಡೂ ಕಡೆಯಿಂದ ಹುಡುಕಿ.

ಯಾರ್ಡ್‌ನಲ್ಲಿ ಏನೇನು ನಿಲ್ಲಿಸಬೇಕು ಎಂಬುದರಲ್ಲೇ ಹೆಚ್ಚಿನವರು ತಪ್ಪುತ್ತಾರೆ. ಗ್ರೇಟ್ ವೆಸ್ಟರ್ನ್ ಸ್ಟೇಷನ್ ಎಂದು ಎಲ್ಲಾ ವ್ಯಾಗನ್ ಗ್ರೇಟ್ ವೆಸ್ಟರ್ನ್‌ದೇ ಇಟ್ಟರೆ ಅದು ಸುಳ್ಳು ಚಿತ್ರ. ಮೊದಲ ಮಹಾಯುದ್ಧದ ಕಾಲದಿಂದ ಕಂಪನಿಗಳ ಸಾಮಾನ್ಯ ವ್ಯಾಗನ್‌ಗಳು ಒಂದೇ ರಾಶಿಗೆ ಸೇರಿ ದೇಶದಾದ್ಯಂತ ಓಡಾಡುತ್ತಿದ್ದವು. ಎಲ್‌ಎಂಎಸ್ ಮತ್ತು ಎಲ್‌ಎನ್‌ಇಆರ್ ಬಳಿ ವ್ಯಾಗನ್ ಸಂಖ್ಯೆ ಬಹಳ ದೊಡ್ಡದಾದ್ದರಿಂದ ಪಶ್ಚಿಮದ ಸಣ್ಣ ಊರಲ್ಲೂ ಅವುಗಳ ತೆರೆದ ವ್ಯಾಗನ್ ಸಾಮಾನ್ಯ ನೋಟ. ಎಲ್‌ಎಂಎಸ್‌ನ ಐದು ಹಲಗೆಯ, ಡಯಾಗ್ರಂ ಸಂಖ್ಯೆ ಡಿ1666ರ ತೆರೆದ ವ್ಯಾಗನ್ ಒಂದಾದರೂ ಇರಲೇಬೇಕು. ಕೆಳ ಮೂಲೆಯಲ್ಲಿ ಚಿಕ್ಕ 'ಎನ್' ಅಕ್ಷರ ಇದ್ದರೆ ಅದು ಈ ರಾಶಿಗೆ ಸೇರದ್ದು, ಸ್ವಂತ ಮನೆಗೆ ಮರಳಬೇಕಾದ್ದು. ಕಲ್ಲಿದ್ದಲಿನ ಖಾಸಗಿ ವ್ಯಾಗನ್ ಇಳಿಸಿದ ಮೇಲೆ ಖಾಲಿಯಾಗಿ ಮಾಲೀಕನ ಕಡೆಗೇ ಹೋಗುತ್ತಿತ್ತು. ಹಾಗಾಗಿ ನಿಮ್ಮ ಊರಿಗೆ ಯಾವ ಗಣಿಯ ಕಲ್ಲಿದ್ದಲು ಬರುತ್ತಿತ್ತು ಎಂದು ತಿಳಿಯದೆ ಅಂದದ ಬಣ್ಣ ನೋಡಿ ವ್ಯಾಗನ್ ಕೊಳ್ಳಬೇಡಿ. ಬ್ರೇಕ್ ವ್ಯಾನ್ ಮಾತ್ರ ಆ ಸೀಮೆಯ ಕಂಪನಿಯದ್ದೇ. ಟೋಡ್ ವ್ಯಾನ್ ಪಕ್ಕದಲ್ಲಿ ಅದು ಸೇರಿದ ಡಿಪೋದ ಹೆಸರನ್ನೇ ಬರೆದಿರುತ್ತಿದ್ದರು. ಆ ಹೆಸರು ನಿಮ್ಮ ಲೈನಿಗೆ ಹೊಂದಬೇಕು.

ಡಿಡ್ಕಾಟ್ ರೈಲ್ವೆ ಸೆಂಟರ್ ಡಿಡ್ಕಾಟ್ ಪಾರ್ಕ್‌ವೇ ಸ್ಟೇಷನ್‌ಗೆ ಅಂಟಿಕೊಂಡೇ ಇದೆ. ಗ್ರೇಟ್ ವೆಸ್ಟರ್ನ್ ವ್ಯಾಗನ್‌ಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಎಲ್ಲ ದಿನವೂ ತೆರೆದಿರುವುದಿಲ್ಲ, ದಿನ ನೋಡಿಕೊಳ್ಳಿ. ಅಳತೆ ತೆಗೆಯುವುದಾದರೆ ಮುಂಚೆಯೇ ಬರೆದು ಅನುಮತಿ ಕೇಳಿ. ನಿಮಗೆ ಬೇಕಾದ ವ್ಯಾಗನ್ ಶೆಡ್ಡಿನ ಹಿಂದೆ ಇನ್ನೊಂದಕ್ಕೆ ತಾಗಿ ನಿಂತಿರುವುದೂ ಉಂಟು.

ಅಳೆಯುವ ಸಾಮಾನು ಹೆಚ್ಚೇನಿಲ್ಲ: 5 ಮೀಟರ್ ಟೇಪು, 300 ಮಿ.ಮೀ. ಉಕ್ಕಿನ ಸ್ಕೇಲು, ಟಾರ್ಚು, ಮಂಡಿ ಊರಲು ದಪ್ಪ ಬಟ್ಟೆ, ಪೆನ್ಸಿಲ್, ಮತ್ತು ಪ್ರತಿ 6 ಇಂಚಿಗೆ ಕಪ್ಪು ಬಿಳುಪು ಬಳಿದ 3 ಅಡಿಯ ಕೋಲು. ಆ ಕೋಲನ್ನು ವ್ಯಾಗನ್‌ಗೆ ಒರಗಿಸಿ ಫೋಟೋ ತೆಗೆದರೆ ಮರೆತ ಅಳತೆಯನ್ನು ಆಮೇಲೆ ಚಿತ್ರದಿಂದಲೇ ಪಡೆಯಬಹುದು. ಟೇಪಿನಲ್ಲಿ ಇಂಚು ಇರಲಿ. ಮೂಲ ವಿನ್ಯಾಸ ಇಂಚಿನಲ್ಲೇ ಆದದ್ದು, ಮಿಲಿಮೀಟರಿನಲ್ಲಿ ಅಳೆದರೆ ಪೂರ್ಣಾಂಕ ಕಾಣದೆ ತಪ್ಪು ಗೊತ್ತಾಗುವುದಿಲ್ಲ. ಮೋಡ ಕವಿದ ದಿನವೇ ಒಳ್ಳೆಯದು. ಬಿಸಿಲಿದ್ದರೆ ಸೋಲ್‌ಬಾರ್, ಅಂದರೆ ತಳದ ಪಕ್ಕದಲ್ಲಿ ಉದ್ದಕ್ಕೆ ಹೋಗುವ ತೊಲೆಯ ಕೆಳಗಿನ ನೆರಳಲ್ಲಿ ಬ್ರೇಕಿನ ಭಾಗಗಳೆಲ್ಲ ಮುಚ್ಚಿಹೋಗುತ್ತವೆ. ಫೋನಿನ ಅಗಲದ ಲೆನ್ಸ್ ಬೇಡ, ಅದು ಗೆರೆಗಳನ್ನು ಬಾಗಿಸುತ್ತದೆ. ದೂರ ನಿಂತು ಜೂಮ್ ಮಾಡಿ, ಕ್ಯಾಮೆರಾ ಸೋಲ್‌ಬಾರ್ ಎತ್ತರಕ್ಕೆ ಹಿಡಿದು, ನೇರ ಎದುರಿನಿಂದ ತೆಗೆಯಿರಿ.

ಮೊದಲು ಹೆಡ್‌ಸ್ಟಾಕ್‌ನಿಂದ ಹೆಡ್‌ಸ್ಟಾಕ್‌ಗೆ, ಅಂದರೆ ತಳದ ಎರಡು ತುದಿಯ ಅಡ್ಡ ತೊಲೆಗಳ ನಡುವೆ ಉದ್ದ, ಆಮೇಲೆ ಚಕ್ರದ ಅಚ್ಚಿನ ತುದಿ ಕೂರುವ ಆಕ್ಸಲ್‌ಬಾಕ್ಸ್ ನಡುವಿನಿಂದ ನಡುವಿಗೆ ಚಕ್ರದಂತರ, ಆಮೇಲೆ ಹಲಗೆಗಳ ಅಗಲ ಒಂದೊಂದಾಗಿ, ಏಕೆಂದರೆ ಎಲ್ಲಾ ಹಲಗೆ ಒಂದೇ ಅಗಲ ಇರುವುದಿಲ್ಲ. ಎತ್ತರವನ್ನು ಹಳಿಯಿಂದ ಅಳೆಯಬೇಡಿ. ಸ್ಪ್ರಿಂಗ್ ಕುಸಿದು, ಚಕ್ರದ ಪಟ್ಟಿ ಸವೆದು ಇಡೀ ಗಾಡಿ ಕೆಳಗಿಳಿದಿರುತ್ತದೆ. ಸೋಲ್‌ಬಾರ್‌ನಿಂದ ಮೇಲಕ್ಕೆ ಅಳೆಯಿರಿ.

ರೈಲ್ವೆ ಕಂಪನಿಗಳ ನಡುವಿನ ಲೆಕ್ಕ ನೋಡುತ್ತಿದ್ದ ರೈಲ್ವೆ ಕ್ಲಿಯರಿಂಗ್ ಹೌಸ್ 1923ರಲ್ಲಿ ನಿಗದಿ ಮಾಡಿದ 12 ಟನ್‌ನ ಮರದ ಕಲ್ಲಿದ್ದಲು ವ್ಯಾಗನ್ 16 ಅಡಿ 6 ಇಂಚು ಉದ್ದ, ಚಕ್ರದಂತರ 9 ಅಡಿ. ಓಓ ಅಳತೆಯಲ್ಲಿ ಅದು 66 ಮಿ.ಮೀ. ಮತ್ತು 36 ಮಿ.ಮೀ. ಹಳೆಯ ಅಂಗಡಿ ಮಾಡೆಲ್‌ಗಳಲ್ಲಿ ಎಲ್ಲಾ ಮೈಗೂ ಒಂದೇ 40 ಮಿ.ಮೀ. ಚಕ್ರದಂತರದ ತಳ ಕೂಡಿಸಿರುವುದು ಸಾಮಾನ್ಯ. ಬರೀ 4 ಮಿ.ಮೀ. ವ್ಯತ್ಯಾಸ, ಆದರೆ ವ್ಯಾಗನ್‌ನ ನಿಲುವೇ ಕೆಡುತ್ತದೆ. ಚಕ್ರದ ವ್ಯಾಸ 3 ಅಡಿ 1 ಇಂಚು, ಅಂದರೆ ಸುಮಾರು 12.3 ಮಿ.ಮೀ.

ತಳದಲ್ಲಿ ತುಸು ಹೊತ್ತು ಕೂರಬೇಕಾದ್ದು ಬ್ರೇಕಿನ ಹತ್ತಿರ. ಮಾರ್ಟನ್ ಬ್ರೇಕು ಎಂಬ ಅಗ್ಗದ ಏರ್ಪಾಡಿನಲ್ಲಿ ಎರಡೂ ಪಕ್ಕಕ್ಕೆ ಒಂದೊಂದು ಉದ್ದ ಲಿವರ್ ಇದೆ, ಆದರೆ ಚಕ್ರಕ್ಕೆ ಒತ್ತಿ ಹಿಡಿಯುವ ಬ್ರೇಕ್ ಕಟ್ಟೆ ಎರಡೇ, ಅವೂ ಒಂದೇ ಪಕ್ಕದಲ್ಲಿ. ಇನ್ನೊಂದು ಪಕ್ಕದ ಲಿವರ್ ಒತ್ತಿದರೆ ಅಡ್ಡ ಹೋಗುವ ಸರಳು ತಿರುಗಿ ಆಚೆ ಪಕ್ಕದ ಕಟ್ಟೆಗಳು ಹಿಡಿಯುತ್ತವೆ. ಲಿವರ್ ಎರಡೂ ಕಡೆ ಕೆಳಕ್ಕೇ ಒತ್ತಬೇಕಾದ್ದರಿಂದ ಒಂದು ಪಕ್ಕದಲ್ಲಿ ತಿರುಗುವ ದಿಕ್ಕನ್ನು ಬದಲಿಸಲು ಒಂದು ಸಣ್ಣ ಹಲ್ಲಿನ ತುಂಡು ಇದೆ. ಟಾರ್ಚು ಹಿಡಿದು ಅದು ಯಾವ ಪಕ್ಕದಲ್ಲಿದೆ ಎಂದು ಬರೆದುಕೊಳ್ಳಿ. ಕಿಟ್‌ಗಳು ಎರಡೂ ಪಕ್ಕಕ್ಕೆ ಒಂದೇ ಅಚ್ಚಿನ ಭಾಗ ಕೊಡುವುದರಿಂದ ನಾಲ್ಕು ಕಟ್ಟೆ ಬಂದುಬಿಡುತ್ತವೆ. ಒಂದು ಪಕ್ಕದ್ದನ್ನು ಕತ್ತರಿಸಿ ತೆಗೆದು ಲಿವರ್ ಮಾತ್ರ ಉಳಿಸಬೇಕು. ತಳದಲ್ಲಿ ಬಾಗಿಲು ಇರುವ ವ್ಯಾಗನ್ ಬೇರೆ: ಅಡ್ಡ ಸರಳು ಬಾಗಿಲಿಗೆ ತಡೆಯಾಗುವುದರಿಂದ ಎರಡು ಪಕ್ಕಕ್ಕೂ ಸ್ವತಂತ್ರ ಬ್ರೇಕು, ಅಲ್ಲಿ ನಾಲ್ಕು ಕಟ್ಟೆ ಸರಿಯೇ. ಇನ್ನು ಕೆಲವು ವ್ಯಾಗನ್‌ಗೆ ತುದಿಯಲ್ಲಿ ಬಾಗಿಲು; ಅದನ್ನು ಹೊರಗಿನಿಂದ ತಿಳಿಯಲು ಮೈ ಮೇಲಿನ ಬಿಳಿ ಗುರುತು ನೋಡಿ. ಓರೆ ಬಿಳಿ ಪಟ್ಟೆ ಯಾವ ತುದಿಗೆ ಏರುತ್ತದೋ ಆ ತುದಿಯಲ್ಲಿ ಬಾಗಿಲಿದೆ. ಇದೇ ಪಟ್ಟೆ ಮುಂದೆ ಬ್ರಿಟಿಷ್ ರೈಲ್ವೇಸ್‌ನ 16 ಟನ್ ಉಕ್ಕಿನ ವ್ಯಾಗನ್‌ಗೂ ಬಂತು. ಡೀಕಾಲ್ (ಅಕ್ಷರ, ಗುರುತು ಮುದ್ರಿಸಿದ ಅಂಟುಚಿತ್ರ) ಅಂಟಿಸುವಾಗ ಅದು ತಿರುಗಿಹೋಗುವುದು ಬಹಳ ಸಾಮಾನ್ಯವಾದ ತಪ್ಪು.

ಸೋಲ್‌ಬಾರ್ ಮೇಲೆ ಎರಡು ಎರಕದ ಫಲಕ ಸಿಗಬಹುದು. ಒಂದು ಕಟ್ಟಿದವರದ್ದು, ಇನ್ನೊಂದು ಖಾಸಗಿ ವ್ಯಾಗನ್ ಅನ್ನು ನೋಂದಾಯಿಸಿಕೊಂಡ ರೈಲ್ವೆ ಕಂಪನಿಯದ್ದು, ಅದರಲ್ಲಿ ಒಂದು ಸಂಖ್ಯೆ ಮತ್ತು ವರ್ಷ. ಆ ನೋಂದಣಿ ಸಂಖ್ಯೆ ವ್ಯಾಗನ್ ಮೇಲೆ ಬಣ್ಣದಲ್ಲಿ ಬರೆಯುವ ಸಂಖ್ಯೆಯಲ್ಲ. ಬೆರೆಸಬೇಡಿ.

ಉಳಿಸಿಟ್ಟ ವ್ಯಾಗನ್‌ನ ಕಬ್ಬಿಣವನ್ನು ನಂಬಬಹುದು, ಬಣ್ಣವನ್ನು ನಂಬಬಾರದು. ಹಲಗೆಗಳು ಹೊಸವು, ಬಣ್ಣ ಹೊಸದು, ಅಕ್ಷರಗಳನ್ನು ಇತ್ತೀಚೆಗೆ ಯಾರೋ ಬರೆದದ್ದು. ಬಣ್ಣಕ್ಕೆ ಸಾಕ್ಷಿ ಬೇಕಿದ್ದರೆ ದಿನಾಂಕ ಇರುವ ಹಳೆಯ ಫೋಟೋ ಮತ್ತು ಕಂಪನಿಯ ಬರಹ ಎರಡನ್ನೂ ಸೇರಿಸಿ ನೋಡಬೇಕು. ಗ್ರೇಟ್ ವೆಸ್ಟರ್ನ್ ಗಾಢ ಬೂದು. ಎಲ್‌ಎಂಎಸ್ 1936ರವರೆಗೆ ಬೂದು, ಆಮೇಲೆ ಬಾಕ್ಸೈಟ್ ಕಂದು. ಎಲ್‌ಎನ್‌ಇಆರ್‌ನಲ್ಲಿ ವ್ಯಾಕ್ಯೂಮ್ ಬ್ರೇಕ್ (ಇಂಜಿನ್‌ನಿಂದಲೇ ಹಿಡಿಸುವ ಬ್ರೇಕು) ಇಲ್ಲದ್ದು ಬೂದು, ಇದ್ದದ್ದು ಕೆಂಗಂದು. ಸದರ್ನ್ ಗಾಢ ಕಂದು. ಗ್ರೇಟ್ ವೆಸ್ಟರ್ನ್‌ನ 16 ಇಂಚಿನ ಅಕ್ಷರ 1937ರ ಹೊತ್ತಿಗೆ 5 ಇಂಚಿಗೆ ಇಳಿಯಿತು, ಆದರೆ ಎಲ್ಲಾ ವ್ಯಾಗನ್ ಮರುದಿನವೇ ಬಣ್ಣ ಕಂಡವೆಂದಲ್ಲ. 1938ರ ಯಾರ್ಡ್‌ನಲ್ಲಿ ಎರಡೂ ಬಗೆ ಬೆರೆತಿರಬೇಕು, ದೊಡ್ಡ ಅಕ್ಷರದ್ದೇ ಹೆಚ್ಚಿರಲಿ.

ಗ್ಲಾಸ್ಟರ್‌ನ ಕೌಂಟಿ ಆರ್ಕೈವ್ಸ್‌ನಲ್ಲಿ ಗ್ಲಾಸ್ಟರ್ ರೈಲ್ವೆ ಕ್ಯಾರೇಜ್ ಅಂಡ್ ವ್ಯಾಗನ್ ಕಂಪನಿಯ ದಾಖಲೆಗಳಿವೆ. ಹೊಸ ವ್ಯಾಗನ್ ಹೊರಬಿದ್ದಾಗ ತೆಗೆಸಿದ ಫೋಟೋಗಳು ಖಾಸಗಿ ವ್ಯಾಗನ್‌ಗೆ ಚಿನ್ನದಂಥ ಆಧಾರ. ಆದರೆ ಹಳೆಯ ಗಾಜಿನ ಪ್ಲೇಟು ಕೆಂಪನ್ನು ಹಿಡಿಯುತ್ತಿರಲಿಲ್ಲ. ಕೆಂಪು ವ್ಯಾಗನ್ ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ, ನೀಲಿ ಬಿಳಿಚಿಕೊಳ್ಳುತ್ತದೆ. ಚಿತ್ರದ ಕಪ್ಪನ್ನು ಕಪ್ಪೆಂದೇ ಬಳಿದು ಕೆಟ್ಟ ಮಾಡೆಲ್‌ಗಳು ಎಷ್ಟೋ.

ಬಟರ್ಲಿಯ ಸ್ವಾನಿಕ್ ಜಂಕ್ಷನ್‌ನಲ್ಲಿ ಹಿಸ್ಟಾರಿಕಲ್ ಮಾಡೆಲ್ ರೈಲ್ವೆ ಸೊಸೈಟಿಯ ಅಧ್ಯಯನ ಕೇಂದ್ರ ಇದೆ. 1950ರಲ್ಲಿ ಶುರುವಾದ ಸಂಘ. ಡ್ರಾಯಿಂಗು, ಫೋಟೋ ಎಲ್ಲಾ ಮಾಡೆಲ್ ಕಟ್ಟುವವರ ಕಣ್ಣಿನಿಂದ ಜೋಡಿಸಿಟ್ಟಿದ್ದಾರೆ. ಸಮಯ ಗೊತ್ತು ಮಾಡಿಕೊಂಡು ಹೋಗಿ. ಆಲ್ಫ್ರೆಟನ್ ಸ್ಟೇಷನ್‌ನಿಂದ ಟ್ಯಾಕ್ಸಿ ಹಿಡಿಯುವುದು ಸುಲಭ.

ಯಾರ್ಕ್‌ನ ನ್ಯಾಷನಲ್ ರೈಲ್ವೆ ಮ್ಯೂಸಿಯಂ ಪ್ರವೇಶ ಉಚಿತ, ಸ್ಟೇಷನ್‌ನಿಂದ ನಡೆದು ಹೋಗುವಷ್ಟು ಹತ್ತಿರ. ದೊಡ್ಡ ಇಂಜಿನ್‌ಗಳ ಮುಂದೆ ಬೆಳಗ್ಗೆ ಕಳೆಯಬೇಡಿ, ನಿಮ್ಮ ಕೆಲಸ ಇರುವುದು ಸರ್ಚ್ ಇಂಜಿನ್ ಎಂಬ ಹೆಸರಿನ ಅವರ ಗ್ರಂಥಾಲಯ ಮತ್ತು ಆರ್ಕೈವ್‌ನಲ್ಲಿ. ವಾರಗಳ ಮುಂಚೆಯೇ ಸಮಯ ಕೇಳಿ, ಬೇಕಾದ ಡ್ರಾಯಿಂಗ್ ಸಂಖ್ಯೆ ಬರೆದು ಕಳಿಸಿ. ಕಾರ್ಖಾನೆಯ ಡ್ರಾಯಿಂಗ್ ಹಾಳೆ ಮೇಜಿಗಿಂತ ಉದ್ದ ಇರಬಹುದು. ತುಂಡು ತುಂಡಾಗಿ, ಪ್ರತಿ ತುಂಡಿನಲ್ಲೂ ಸ್ಕೇಲು ಕಾಣುವ ಹಾಗೆ ಫೋಟೋ ತೆಗೆಯಲು ಕೇಳಿ. ಹಾಳೆಯ ಮೇಲಿನ ಗೆರೆಯನ್ನು ಅಳೆದು ಲೆಕ್ಕ ಹಾಕಬೇಡಿ. ಕಾಗದ ಕುಗ್ಗುತ್ತದೆ, ಹಿಗ್ಗುತ್ತದೆ. ಗೆರೆಯ ಪಕ್ಕದಲ್ಲಿ ಅಂಕಿಯಲ್ಲಿ ಬರೆದ ಅಳತೆಯೇ ಪ್ರಮಾಣ. ಮೂಲೆಯ ತಿದ್ದುಪಡಿ ಪಟ್ಟಿಯನ್ನೂ ತಪ್ಪದೆ ತೆಗೆಯಿರಿ, ಬಫರ್ ಬದಲಾದ ದಿನಾಂಕ ಸಿಗುವುದು ಅಲ್ಲೇ.

ಶಿಲ್ಡನ್‌ನ ಲೋಕೋಮೋಷನ್ ಇದೇ ಮ್ಯೂಸಿಯಂನ ಶಾಖೆ, ಅದೂ ಉಚಿತ. ಯಾರ್ಕ್‌ನಿಂದ ಡಾರ್ಲಿಂಗ್ಟನ್, ಅಲ್ಲಿ ಬಿಷಪ್ ಆಕ್ಲೆಂಡ್ ಗಾಡಿ ಹಿಡಿದು ಶಿಲ್ಡನ್. ಆ ಲೈನಲ್ಲಿ ಗಾಡಿ ಕಡಿಮೆ, ವಾಪಸ್ ಬರುವ ವೇಳೆ ಬರೆದಿಟ್ಟುಕೊಳ್ಳಿ. ಈ ಊರು 1984ರವರೆಗೆ ವ್ಯಾಗನ್ ಕಾರ್ಖಾನೆಯ ಊರಾಗಿತ್ತು. ಬೇರೆ ಬೇರೆ ಕಾಲದ ವ್ಯಾಗನ್‌ಗಳನ್ನು ಒಂದೇ ಸೂರಿನಡಿ ನೋಡಬಹುದು. ನಿಮ್ಮ ವರ್ಷ 1948ರ ಈಚೆಗಿದ್ದರೆ ಇಲ್ಲಿಗೆ ಎರಡು ದಿನ ಕೊಡಿ, ಡಿಡ್ಕಾಟ್ ಬಿಟ್ಟರೂ ನಡೆಯುತ್ತದೆ. ಆ ಕಾಲಕ್ಕೆ ಸಂಖ್ಯೆಯ ಮುಂದಿನ ಅಕ್ಷರ ನೋಡಬೇಕು: 'ಎಂ' ಎಲ್‌ಎಂಎಸ್‌ನಿಂದ ಬಂದದ್ದು, 'ಇ' ಎಲ್‌ಎನ್‌ಇಆರ್, 'ಡಬ್ಲ್ಯೂ' ಗ್ರೇಟ್ ವೆಸ್ಟರ್ನ್, 'ಎಸ್' ಸದರ್ನ್, 'ಪಿ' ಖಾಸಗಿಯವರದ್ದು, 'ಬಿ' ಬ್ರಿಟಿಷ್ ರೈಲ್ವೇಸ್ ತಾನೇ ಕಟ್ಟಿಸಿದ್ದು.

ಬೆಂಗಳೂರು, ಮೈಸೂರಿನ ಕಡೆಯವರು ಹೊರಡುವ ಮುಂಚೆ ಮೈಸೂರಿನ ರೈಲ್ವೆ ಮ್ಯೂಸಿಯಂನಲ್ಲಿ ಕೇಳಿಕೊಂಡು ಯಾವುದಾದರೂ ಒಂದು ಗಾಡಿಯ ತಳ ಅಳೆದು ನೋಡಿ. ಹಳಿಯ ಅಗಲ ಬೇರೆಯಾದರೂ ಬಗ್ಗಿ ಕೂತು, ಟಾರ್ಚು ಹಿಡಿದು, ಅಳೆದು, ಬರೆದು ಮುಗಿಸಲು ನಿಮಗೆ ಎಷ್ಟು ಹೊತ್ತು ಬೇಕು ಎಂದು ಅಲ್ಲೇ ತಿಳಿಯುತ್ತದೆ. ಮೊದಲ ಗಾಡಿಗೆ ಎರಡು ಗಂಟೆ ಹಿಡಿದರೆ, ಡಿಡ್ಕಾಟ್‌ನಲ್ಲಿ ಒಂದು ದಿನಕ್ಕೆ ಮೂರು ವ್ಯಾಗನ್‌ಗಿಂತ ಹೆಚ್ಚು ಪಟ್ಟಿಗೆ ಹಾಕಿಕೊಳ್ಳಬೇಡಿ. ಆಯಾ ದಿನದ ಅಳತೆಯನ್ನು ಆಯಾ ರಾತ್ರಿಯೇ ಕೋಣೆಯಲ್ಲಿ ಕೂತು 4 ಮಿ.ಮೀ. ಲೆಕ್ಕಕ್ಕೆ ಇಳಿಸಿ ಚಿತ್ರ ಬರೆಯಿರಿ. ಬಿಟ್ಟುಹೋದ ಅಳತೆ ಆಗಲೇ ಕಣ್ಣಿಗೆ ಬೀಳುತ್ತದೆ, ಮರುದಿನ ಬೆಳಗ್ಗೆ ಹೋಗಿ ತೆಗೆದುಕೊಳ್ಳಬಹುದು. ಕೈಯಲ್ಲಿ ಇಟ್ಟುಕೊಂಡ ಒಂಬತ್ತನೇ ದಿನ ಇರುವುದು ಅದಕ್ಕೇ.